ಕಾಲು ನೋಡದೆ ಕೊಯ್ದ ಮೆಟ್ಟು

ಹಿಂದೆ, ಬಹಳ ಹಿಂದೆ, ಅರಮನೆಯಿಂದ ಬಂದ ಮಾತಿಗೆಲ್ಲ ಊರಿಗೆ ಊರೇ ತಲೆಯಾಡಿಸುತ್ತಿದ್ದ ಕಾಲದಲ್ಲಿ, ಹವಳಾವತಿ ಎಂಬ ರಾಜ್ಯವಿತ್ತು. ಆ ರಾಜ್ಯವನ್ನು ರತ್ನಕೇತು ಎಂಬ ಯುವರಾಜ ಆಳುತ್ತಿದ್ದ. ಅವನ ಬಳಿ ಒಂದು ಮೆಟ್ಟಿತ್ತು. ಜೊತೆಯಲ್ಲ, ಒಂದೇ ಒಂದು, ಬಲಗಾಲಿನದು. ಕೆಂಪು ತೊಗಲು, ಚಿನ್ನದ ಎಳೆಯ ಕಸೂತಿ, ಮಲ್ಲಿಗೆ ಮೊಗ್ಗಿನಂತೆ ಮೊನಚಾದ ತುದಿ. ಆ ಮೆಟ್ಟು ಯಾವ ಹುಡುಗಿಯ ಕಾಲಿಗೆ ಸರಿಹೊಂದುತ್ತದೋ ಅವಳೇ ಹವಳಾವತಿಯ ರಾಣಿ ಎಂದು ಡಂಗುರ ಸಾರಿಸಿದ್ದ.

ಇಂಥ ಕತೆಯನ್ನು ನೀವು ಕೇಳಿರುತ್ತೀರಿ. ಕೊನೆಗೊಬ್ಬ ಬಡ ಹುಡುಗಿಯ ಕಾಲಿಗೆ ಅದು ಸರಿಹೊಂದಿ, ವಾಲಗ ಊದಿಸಿ, ಮದುವೆಯಾಯಿತು ಎಂದು ನಿಮ್ಮ ಅಜ್ಜಿ ಹೇಳಿರಬಹುದು. ಅಜ್ಜಿಗೆ ಯಾರು ಹೇಳಿದರೋ, ಅರಮನೆಯವರೇ ಹೇಳಿಸಿರಬೇಕು. ನಡೆದದ್ದು ಬೇರೆ.

ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಅರಮನೆಯ ಅಂಗಳಕ್ಕೆ ನಾಲ್ಕು ಹುಡುಗಿಯರನ್ನು ಕರೆಸುತ್ತಿದ್ದರು. ಒಬ್ಬೊಬ್ಬಳನ್ನೇ ಮಣೆಯ ಮೇಲೆ ಕೂರಿಸುತ್ತಿದ್ದರು. ಹುಡುಗಿ ಹಿಂದೆ ಸರಿಯದಂತೆ ಅವಳ ಹಿಮ್ಮಡಿಯನ್ನು ಹೆತ್ತ ತಾಯಿಯೇ ಹಿಡಿದುಕೊಳ್ಳಬೇಕೆಂದು ಕಟ್ಟಳೆ ಮಾಡಿದ್ದರು. ಕಾಲು ಒಳಗೆ ಹೋದೊಡನೆ ಮೆಟ್ಟು ಬಾಯಿ ಮುಚ್ಚುತ್ತಿತ್ತು. ಮತ್ತೆ ತೆರೆದಾಗ ಕಾಲಿನಲ್ಲಿ ಒಂದು ಬೆರಳು ಕಡಿಮೆ ಇರುತ್ತಿತ್ತು. ತೊಗಲಿನ ಮೇಲೆ ಒಂದು ಹನಿ ರಕ್ತವೂ ಇರುತ್ತಿರಲಿಲ್ಲ, ಎಲ್ಲವನ್ನೂ ಮೆಟ್ಟು ಕುಡಿದುಬಿಡುತ್ತಿತ್ತು. ಹುಡುಗಿ ಚೀರಿದರೆ ವಾಲಗದವರು ಇನ್ನೂ ಜೋರಾಗಿ ಊದುತ್ತಿದ್ದರು. ಅದಕ್ಕೆಂದೇ ಅವರನ್ನು ಅಲ್ಲಿ ಕೂರಿಸಿದ್ದದ್ದು.

ಆಮೇಲೆ ರಾಜಗುರು ಜಂಬುಕಾಕ್ಷ ಎದ್ದು ನಿಂತು, ಈ ಕಾಲಿಗೆ ಭಾಗ್ಯವಿಲ್ಲ ಎಂದು ಸಾರುತ್ತಿದ್ದ. ಅವನು ಮಾಂತ್ರಿಕನೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ತಪ್ಪು ಮೆಟ್ಟಿನದಲ್ಲ, ಯುವರಾಜನದಲ್ಲ, ರಾಜಗುರುವಿನದೂ ಅಲ್ಲ. ತಪ್ಪೆಲ್ಲ ಕಾಲಿನದು. ಗಾಯಕ್ಕೆ ಅರಿಸಿನ ಮೆತ್ತಿ ಹುಡುಗಿಯನ್ನು ಮನೆಗೆ ಕಳಿಸುತ್ತಿದ್ದರು. ಮನೆಯವರು ಅವಳನ್ನು ಹಿತ್ತಲ ಕೋಣೆಗೆ ಸೇರಿಸಿ ಬಾಗಿಲು ಮುಂದಕ್ಕೆಳೆಯುತ್ತಿದ್ದರು. ಮೆಟ್ಟು ಕಚ್ಚಿದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ? ಹೀಗೆ ಏಳು ವರ್ಷ ನಡೆಯಿತು. ಏಳು ವರ್ಷವೂ ಯುವರಾಜನಿಗೆ ಇಪ್ಪತ್ತೇ ವರ್ಷ. ಅವನ ಓರಗೆಯವರಿಗೆ ಹೊಟ್ಟೆ ಬಂತು, ಕೂದಲು ಉದುರಿತು. ಅವನ ಕೆನ್ನೆಯ ಮೇಲೆ ಒಂದು ಗೆರೆ ಮೂಡಲಿಲ್ಲ. ರಾಜವಂಶದ ಕಳೆ ಎಂದು ಜನ ಮೆಚ್ಚಿಕೊಂಡರು.

ಕೊನೆಗೆ ಊರೊಳಗಿನ ಹುಡುಗಿಯರು ಮುಗಿದರು. ಆಗ ಅರಮನೆಗೆ ಊರಾಚೆಯ ಮೆಟ್ಟುಗಾರರ ಕೇರಿಯ ನೆನಪಾಯಿತು. ಅಲ್ಲಿಯವರೆಗೆ ಆ ಕೇರಿಯವರು ಕೋಟೆ ಬಾಗಿಲು ದಾಟಿದರೆ ಊರಿನವರು ಹಾದಿಗೆ ನೀರು ಚಿಮುಕಿಸುತ್ತಿದ್ದರು. ಈಗ ಅವರ ಹುಡುಗಿಯರ ಬೆರಳು ಅರಮನೆಗೆ ಆಗುತ್ತದಂತೆ.

ಆ ಕೇರಿಯಲ್ಲಿ ಭರಮಯ್ಯನೆಂಬ ಮುದುಕನಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಹಿರಿಯಳು ದುರುಗಿ, ಕಿರಿಯಳು ಮಾಳಿ. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಾಳಿಯನ್ನು ಎತ್ತಿ ಆಡಿಸಿ, ತಲೆ ಬಾಚಿ, ಬೈದು ಬುದ್ಧಿ ಹೇಳಿ ಬೆಳೆಸಿದವಳು ದುರುಗಿ. ಸಿಟ್ಟಿನ ಹೆಂಗಸು ಎಂದು ಕೇರಿಯಲ್ಲೆಲ್ಲ ಅವಳ ಹೆಸರು. ಸಿಟ್ಟು ಬರುವಂಥದ್ದನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು, ಅಷ್ಟೇ. ಬಾರದವರದೇ ದೊಡ್ಡ ರೋಗ ಎಂದು ನನಗನಿಸುತ್ತದೆ.

ಹುಣ್ಣಿಮೆಗೆ ಎಂಟು ದಿನವಿರುವಾಗ ಅರಮನೆಯ ಆಳು ಬಂದು, ದೂರದಲ್ಲೇ ನಿಂತು, ಮಾಳಿಯ ಹೆಸರು ಕೂಗಿದ. ತಾಯಿ ಇಲ್ಲದ್ದರಿಂದ ಹಿಮ್ಮಡಿ ಹಿಡಿಯಲು ಅಕ್ಕ ದುರುಗಿ ಬರಬೇಕೆಂದೂ ಹೇಳಿದ. ಹದಿನಾರರ ಮಾಳಿಗೆ ಹಿಡಿಸಲಾರದ ಹಿಗ್ಗು. ತನ್ನ ಕಾಲು ಚಿಕ್ಕದೆಂದು ಕೇರಿಯವರೆಲ್ಲ ಹೇಳುತ್ತಿದ್ದರಲ್ಲ. ರಾಣಿಯಾದರೆ ಅಕ್ಕನಿಗೆ ರೇಷ್ಮೆ ಸೀರೆ ಕಳಿಸುತ್ತೇನೆಂದು ಆಗಲೇ ಮಾತು ಕೊಟ್ಟಳು. ಒಳಗೆ ಹೊಲಿಯುತ್ತ ಕೂತಿದ್ದ ಭರಮಯ್ಯನ ಕೈಯಲ್ಲಿದ್ದ ಚುಚ್ಚುವ ಆರೆ ತೊಗಲನ್ನು ಬಿಟ್ಟು ಅವನ ಅಂಗೈಯನ್ನೇ ತೂರಿತು. ಅವನು ಅದನ್ನು ಕೀಳಲೂ ಇಲ್ಲ.

ದುರುಗಿ ತಾನೇ ಆರೆ ಕಿತ್ತು, ಬಟ್ಟೆ ಸುತ್ತಿ, ಏನಾಯಿತೆಂದು ಕೇಳಿದಳು. ಮುದುಕ ನೆಲ ನೋಡುತ್ತಲೇ ಬಾಯಿ ಬಿಟ್ಟ.

"ಆ ಮೆಟ್ಟು ಹೊಲಿದೋನು ನಾನೇ ಕಣವ್ವ."

ಅವರ ಕೇರಿಯಲ್ಲೊಂದು ಕಟ್ಟಳೆಯಿತ್ತು. ಮೆಟ್ಟು ಬೇಕಾದವರು ಯಾರೇ ಆಗಲಿ, ಹಾಸಿದ ತೊಗಲಿನ ಮೇಲೆ ಬರಿಗಾಲಲ್ಲಿ ಪೂರ್ತಿ ಭಾರ ಬಿಟ್ಟು ನಿಲ್ಲಬೇಕು. ಕಾಲಿನ ಸುತ್ತ ಇದ್ದಿಲಿನ ಗೆರೆ ಎಳೆದ ಮೇಲೆಯೇ ಮೆಟ್ಟುಗಾರ ರಂಪಿಗೆಯನ್ನು, ಎಂದರೆ ತೊಗಲು ಕೊಯ್ಯುವ ಅಗಲವಾದ ಕತ್ತಿಯನ್ನು, ಕೈಗೆ ತೆಗೆದುಕೊಳ್ಳಬೇಕು. ಕಾಲು ನೋಡದೆ ಕೊಯ್ದರೆ ಮೆಟ್ಟಿಗೆ ಒಡೆಯನಿರುವುದಿಲ್ಲ, ಒಡೆಯನಿಲ್ಲದ ಮೆಟ್ಟಿಗೆ ಹಸಿವು ಹುಟ್ಟುತ್ತದೆ ಎಂದು ಹಿರಿಯರು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು. ಅರಮನೆಯವರು ಮಾತ್ರ ಎಂದೂ ತೊಗಲಿನ ಮೇಲೆ ನಿಂತವರಲ್ಲ. ಈ ಕೇರಿಯವರ ಕೈ ಅವರ ಕಾಲಿಗೆ ತಾಗಬಾರದಲ್ಲ. ಅಳತೆಗೆ ಒಂದು ದಾರದ ತುಂಡು ಕಳಿಸುತ್ತಿದ್ದರು. ದಾರದ ಆಚೆ ತುದಿಯಲ್ಲಿ ಯಾರದೋ ಕಾಲಾದರೂ ಇರುತ್ತಿತ್ತು.

ಏಳು ವರ್ಷದ ಹಿಂದೆ ಜಂಬುಕಾಕ್ಷ ಭರಮಯ್ಯನನ್ನು ಕರೆಸಿ, ಕೆಮ್ಮಣ್ಣುಗುಡ್ಡದ ಕೋಣದ ಅರ್ಧ ತೊಗಲನ್ನು ಮುಂದೆ ಹಾಕಿ, ಲೋಕದಲ್ಲೇ ಚೆಲುವಾದ ಕಾಲಿಗೆ ಒಂದು ಮೆಟ್ಟು ಮಾಡು ಎಂದಿದ್ದ. ದಾರವಿಲ್ಲವೇ ಎಂದು ಭರಮಯ್ಯ ಕೇಳಿದ್ದಕ್ಕೆ, ನಿನ್ನಂಥವನಿಗೆ ದಾರವೇಕೆ ಎಂದು ನಕ್ಕಿದ್ದ. ಭರಮಯ್ಯನಿಗೆ ತನ್ನ ಕಣ್ಣಿನ ಮೇಲೆ ಬಹಳ ಹೆಮ್ಮೆ. ಧೂಳಿನಲ್ಲಿ ಮೂಡಿದ ಹೆಜ್ಜೆ ನೋಡಿ ಅದು ಯಾರದೆಂದು ಹೇಳಬಲ್ಲವನಾಗಿದ್ದ. ಹೊಗಳಿಕೆಗೆ ಉಬ್ಬಿಹೋದ. ಕಣ್ಣು ಮುಚ್ಚಿ, ತನ್ನ ಮನಸ್ಸಿನಲ್ಲಿದ್ದ ಪಾದಕ್ಕೆ ತೊಗಲು ಕೊಯ್ದ. ಅಂಥ ಪಾದ ಯಾವ ಹೆಣ್ಣಿಗೂ ಇರಲಿಲ್ಲ. ನಡೆಯುವ ಕಾಲು, ಹೊರುವ ಕಾಲು, ಕಲ್ಲು ತುಳಿಯುವ ಕಾಲು ಹಾಗಿರುವುದಿಲ್ಲ. ಹುಟ್ಟಿದಂದೇ ಹಸಿದಿದ್ದ ಆ ಮೆಟ್ಟಿಗೆ ಜಂಬುಕಾಕ್ಷ ಮಂತ್ರ ಹಾಕಿ ಹಲ್ಲು ಕೊಟ್ಟ. ಅದು ತಿಂದ ಬೆರಳಿನ ಆಯುಸ್ಸು ಯುವರಾಜನಿಗೆ ಸೇರುವಂತೆ ಮಾಡಿದ.

ದುರುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳ ಕಿವಿ ಬಿಸಿಯಾಗಿತ್ತು.

"ಮೊದಲ್ನೇ ಹುಡುಗಿ ಕುಂಟ್ಕಂಡು ಮನೆಗೆ ಹೋದಾಗ್ಲೇ ನಿಂಗೆ ಗೊತ್ತಾಯ್ತಲ್ಲ?"

"ಗೊತ್ತಾಯ್ತು."

"ಏಳು ವರ್ಷ ಸುಮ್ಕಿದ್ದೆ."

"ಹೆದರ್ಕಂಡಿದ್ದೆ ಕಣವ್ವ."

"ಇವತ್ತು ನಿನ್ ಮಗಳ ಕಾಲು ಅಂತ ಬಾಯಿ ಬಂತು," ಎಂದಳು ದುರುಗಿ. ಭರಮಯ್ಯ ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಅವನ ಕಣ್ಣೀರು ನೋಡಿ ಅವಳ ಸಿಟ್ಟು ಇಳಿಯುವ ಬದಲು ಇನ್ನಷ್ಟು ಏರಿತು. ಅಳುವುದನ್ನು ಬಿಟ್ಟು ಇದನ್ನು ಕಳೆಯುವ ದಾರಿ ಹೇಳು ಎಂದಳು.

ದಾರಿ ಒಂದಿತ್ತು. ಅದೇ ಕೋಣದ ಉಳಿದರ್ಧ ತೊಗಲಿನಲ್ಲಿ ಎಡಗಾಲಿನ ಮೆಟ್ಟು ಮಾಡಬೇಕು, ಅದನ್ನು ನಿಜವಾದ ಒಂದು ಕಾಲಿನ ಅಳತೆಗೆ ಕೊಯ್ಯಬೇಕು. ಜೊತೆ ಸೇರಿದ ಕೂಡಲೇ ಎರಡಕ್ಕೂ ಆ ಕಾಲಿನವರೇ ಒಡೆಯರು, ಮೆಟ್ಟು ಬೇರೆಯವರ ತಂಟೆಗೆ ಹೋಗುವುದಿಲ್ಲ. ಆದರೆ ಒಡೆಯರನ್ನು ತಿನ್ನದೆ ಬಿಡುವುದೂ ಇಲ್ಲ. ಯಾರ ಕಾಲನ್ನು ಕೊಡುತ್ತೀಯ ಎಂದು ಭರಮಯ್ಯ ಕೇಳಿದ. ದುರುಗಿ ಎದ್ದು ನಿಂತಳು. ಅವಳ ಮನಸ್ಸಿನಲ್ಲಿ ಆಗಲೇ ಒಂದು ಕಾಲಿತ್ತು.

ಅರಮನೆಯ ಹೆಬ್ಬಾಗಿಲ ಹೊರಗೆ ನಿಂತು ಅವಳು ಕೂಗಿ ಹೇಳಿದ್ದು ಇಷ್ಟು: ಒಂಟಿ ಮೆಟ್ಟಿಗೆ ಒಂದೇ ಬಾಯಿ, ಜೊತೆಗೆ ಎರಡು. ನಾನು ಭರಮಯ್ಯನ ಮಗಳು, ಅವನ ಕೈಕೆಲಸವೆಲ್ಲ ಬಲ್ಲೆ, ಜೊತೆಯನ್ನು ನಾನು ಮಾಡಿಕೊಡುತ್ತೇನೆ. ಯುವರಾಜ ಉಪ್ಪರಿಗೆಯಿಂದ ಬಗ್ಗಿ ನೋಡಿದ. ಎರಡು ಬಾಯಿ ಎಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ನಾಲಗೆಯಿಂದ ತುಟಿ ಸವರಿಕೊಂಡ. ಜಂಬುಕಾಕ್ಷನಿಗೆ ಮಾತ್ರ ಸಂಶಯ. ಮೂರು ಪರೀಕ್ಷೆಗಳನ್ನು ಗೆದ್ದರೆ ನೋಡೋಣ ಎಂದ. ಮೊದಲನೆಯದು, ಕೆಮ್ಮಣ್ಣುಗುಡ್ಡದ ಕೋಣದ ಉಳಿದರ್ಧ ತೊಗಲನ್ನು ತರಬೇಕು. ಎರಡನೆಯದು, ಆ ತೊಗಲನ್ನು ಒಂದೇ ಹಗಲಿನಲ್ಲಿ ಹದ ಮಾಡಬೇಕು. ಮೂರನೆಯದು, ಮೆಟ್ಟನ್ನು ತನ್ನೆದುರಿಗೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೊಯ್ಯಬೇಕು.

"ಒಂದರಲ್ಲಿ ತಪ್ಪಿದರೂ ನಿನ್ನ ತಂಗಿಯ ಹತ್ತು ಬೆರಳೂ ಹೋಗುತ್ತವೆ," ಎಂದ. ದುರುಗಿ ಆಗಲಿ ಎಂದು ಹೇಳಿ ಗುಡ್ಡದ ದಾರಿ ಹಿಡಿದಳು.

ಗುಡ್ಡದ ನೆತ್ತಿಯ ಮೇಲೆ ಕೋಣ ನಿಂತಿತ್ತು. ಮನೆಯ ಮಾಡಿನಷ್ಟು ಎತ್ತರ. ಅದರ ಎಡಮಗ್ಗುಲು ಕರ್ರಗೆ ಮಿರುಗುತ್ತಿತ್ತು, ಬಲಮಗ್ಗುಲಲ್ಲಿ ತೊಗಲೇ ಇರಲಿಲ್ಲ. ಜಂಬುಕಾಕ್ಷ ಅದನ್ನು ಜೀವಂತವಾಗಿ ಸುಲಿದಿದ್ದ. ಏಳು ವರ್ಷದಿಂದ ಆ ಹಸಿ ಮಾಂಸಕ್ಕೆ ನೊಣ ಮುತ್ತುತ್ತಿದ್ದವು. ಮಲಗುವಂತಿರಲಿಲ್ಲ, ಸಾಯುವಂತಿರಲಿಲ್ಲ. ಕತ್ತಿ ಹಿಡಿದು ಬಂದ ಎಷ್ಟೋ ಜನರನ್ನು ಅದು ಕೊಂಬಿನಲ್ಲಿ ಎತ್ತಿ ಎಸೆದಿತ್ತು. ದುರುಗಿಯನ್ನು ಕಂಡೊಡನೆ ಕೊಂಬು ತಗ್ಗಿಸಿತು.

ದುರುಗಿ ಓಡಲಿಲ್ಲ, ಕೈಮುಗಿಯಲೂ ಇಲ್ಲ. ನಿನ್ನ ತೊಗಲನ್ನು ಹೊಲಿದವನು ನಮ್ಮಪ್ಪ, ಉಳಿದದ್ದನ್ನೂ ಕೇಳಲು ಬಂದಿದ್ದೇನೆ ಎಂದು ನೇರವಾಗಿ ಹೇಳಿದಳು. ಆ ಮೆಟ್ಟು ಏನು ಮಾಡುತ್ತಿದೆ ಎಂಬುದನ್ನೂ ಹೇಳಿದಳು. ಕೋಣ ಮೂಗಿನಿಂದ ಜೋರಾಗಿ ಉಸಿರು ಬಿಟ್ಟಿತು.

"ನನ್ನ ತೊಗಲಲ್ಲಿ ಹೆಣ್ಣುಮಕ್ಕಳ ಬೆರಳು ತಿನ್ನಿಸ್ತಾರಾ?" ಎಂದು ಕೇಳಿತು.

"ಹೌದು."

"ಇದೂ ಹಾಗೇ ತಿನ್ನುತ್ತಾ?"

"ತಿನ್ನುತ್ತೆ. ಆದ್ರೆ ತಿನ್ನಿಸ್ದೋನನ್ನ."

ಕೋಣ ಕೊಂಬು ಮೇಲೆತ್ತಿತು. ಎರಡು ಅರ್ಧಗಳೂ ಒಂದು ಕಡೆ ಸೇರಿದ ದಿನ ನನಗೆ ಸಾವು ಬರುತ್ತದೆ, ಬೇಗ ಸೇರಿಸು, ನನಗೆ ಮಲಗಬೇಕು ಎಂದು ಹೇಳಿ ಎಡಮಗ್ಗುಲನ್ನು ಅವಳತ್ತ ತಿರುಗಿಸಿತು. ದುರುಗಿ ರಂಪಿಗೆ ತೆಗೆದಳು. ಕೋಣ ಕಲ್ಲಿನಂತೆ ನಿಂತಿತು, ಕಾಲು ಕದಲಿಸಲಿಲ್ಲ. ಅವಳು ರಂಪಿಗೆಯನ್ನು ಎಲ್ಲೂ ನಿಲ್ಲಿಸದೆ ಎಳೆದಳು, ನಿಲ್ಲಿಸಿದರೆ ಅದಕ್ಕೆ ನೋವು ಹೆಚ್ಚು. ಕೆಲಸ ಮುಗಿದ ಮೇಲೆ ಬಂಡೆಯ ಮರೆಗೆ ಹೋಗಿ, ಜಂಬುಕಾಕ್ಷನ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈದಳು. ಆ ಬೈಗುಳಗಳನ್ನು ಇಲ್ಲಿ ಹೇಳುವುದು ಬೇಡ, ಅವನಿಗೆ ಸಲ್ಲಬೇಕಾದವೇ ಆಗಿದ್ದವು.

ಎರಡನೆಯ ಪರೀಕ್ಷೆ ಇನ್ನೂ ಕಷ್ಟದ್ದು. ಹಸಿ ತೊಗಲನ್ನು ತಂಗಡಿ ತೊಗಟೆಯ ಕಷಾಯದ ಗುಂಡಿಯಲ್ಲಿ ನೆನೆಹಾಕಿ, ತುಳಿದು, ತಿರುವಿ, ಮತ್ತೆ ತುಳಿದು ಹದ ಮಾಡಲು ನಲವತ್ತು ದಿನ ಬೇಕು. ಒಂದು ಜೊತೆ ಕಾಲಿನಿಂದ ಅದು ಒಂದು ಹಗಲಿನಲ್ಲಿ ಆಗುವ ಮಾತಲ್ಲ. ದುರುಗಿ ಗುಂಡಿಯ ದಂಡೆಯಲ್ಲಿ ಕೂತು ಯೋಚಿಸಿದಳು. ಆಮೇಲೆ ಎದ್ದು, ಹಾದಿಗೆ ನೀರು ಚಿಮುಕಿಸಿದರೆ ಚಿಮುಕಿಸಿಕೊಳ್ಳಲಿ ಎಂದು ಕೋಟೆ ಬಾಗಿಲು ದಾಟಿ, ಊರೊಳಗಿನ ಮನೆ ಮನೆಯ ಬಾಗಿಲು ಬಡಿದಳು.

ಬಾಗಿಲು ತೆರೆದವರೆಲ್ಲರದೂ ಒಂದೇ ಮಾತು. ನಮ್ಮ ಮನೆಯಲ್ಲಿ ಅಂಥ ಹುಡುಗಿ ಇಲ್ಲ. ಶೆಟ್ಟರ ಮನೆಯವರು ಹಾಗೆಂದರು, ಪಟೇಲರ ಮನೆಯವರು ಹಾಗೆಂದರು, ಅಗಸರ ಮನೆಯವರೂ ಹಾಗೇ ಅಂದರು. ಕುಂಬಾರರ ಮನೆಯಲ್ಲೂ ತಾಯಿ ಹಾಗೆಂದು ಬಾಗಿಲು ಹಾಕುತ್ತಿದ್ದಳು. ಒಳಗಿನಿಂದ, ಇದ್ದೀನಿ ಎಂದು ಒಂದು ದನಿ ಬಂತು. ಕುಂಟುತ್ತ ಹೊರಗೆ ಬಂದವಳು ಕೆಂಚವ್ವ, ಮೆಟ್ಟು ಕಚ್ಚಿದ ಮೊದಲ ಹುಡುಗಿ. ಹೆಬ್ಬೆರಳು ಕಳೆದುಕೊಳ್ಳುವ ಮುಂಚೆ ಅವಳು ಮಡಕೆಗೆ ಮಣ್ಣು ತುಳಿಯುತ್ತಿದ್ದಳು. ಏಳು ವರ್ಷದಿಂದ ಅವಳ ಮುಖಕ್ಕೆ ಬಿಸಿಲು ಬಿದ್ದಿರಲಿಲ್ಲ.

"ತುಳಿಯೋ ಕೆಲಸಾನಾ?" ಎಂದು ಕೇಳಿದಳು.

"ಹೂಂ. ಅವರ್ನ ಮುಗಿಸೋ ಕೆಲಸ."

ಕೆಂಚವ್ವ ತಾಯಿಯ ಮುಖವನ್ನೂ ನೋಡದೆ ಹೊಸ್ತಿಲು ದಾಟಿದಳು. ಬೀದಿಯ ನಡುವೆ ನಿಂತು ಒಂದೊಂದು ಹೆಸರು ಕರೆದಳು. ಹಿತ್ತಲ ಕೋಣೆಗಳ ಬಾಗಿಲು ಒಂದೊಂದಾಗಿ ತೆರೆದವು. ಮುನ್ನೂರಕ್ಕೂ ಹೆಚ್ಚು ಹೆಂಗಸರು, ಇಂಥ ಜಾತಿ ಇಂಥ ಮನೆ ಎಂದಿಲ್ಲದೆ, ಕುಂಟುತ್ತ ಬೀದಿಗೆ ಬಂದರು. ಇಷ್ಟೊಂದು ಜನವೇ ಎಂದು ಊರು ಬೆರಗಾಯಿತು. ಅಪ್ಪಂದಿರು ತಲೆ ಬೇರೆ ಕಡೆ ತಿರುಗಿಸಿದರು. ಬೆರಗಾಗಲು ನಾಚಿಕೆಯಾಗಬೇಕು, ಇವರೇ ಕಳಿಸಿದವರಲ್ಲವೇ?

ಮೆಟ್ಟುಗಾರರ ಕೇರಿಯ ಹನ್ನೆರಡು ಗುಂಡಿಗಳಲ್ಲಿ ತೊಗಲು ಗುಂಡಿಯಿಂದ ಗುಂಡಿಗೆ ಸಾಗಿತು. ಮುನ್ನೂರು ಜನ ಸರದಿಯಲ್ಲಿ ಅದನ್ನು ತುಳಿದರು. ಕಷಾಯ ಹಳೆಯ ಗಾಯಗಳಿಗೆ ಹೊಕ್ಕು ಉರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ಕೆಲವರು ಬೈಯುತ್ತ ತುಳಿದರು, ಕೆಲವರು ಅಳುತ್ತ, ಒಬ್ಬಳು ಹಾಡುತ್ತ. ದಂಡೆಯ ಮೇಲೆ ನಿಂತು ನೋಡುತ್ತಿದ್ದ ಮಾಳಿಯ ಮುಖದಲ್ಲಿ ರಾಣಿಯಾಗುವ ಹಿಗ್ಗು ಇಷ್ಟಿಷ್ಟೇ ಆರಿತು. ಕೊನೆಗೆ ಅವಳೂ ಸೆರಗು ಕಟ್ಟಿ ಗುಂಡಿಗೆ ಇಳಿದಳು. ಅವಳ ಹತ್ತು ಬೆರಳುಗಳನ್ನು ಎಲ್ಲರೂ ನೋಡಿದರು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಹೊತ್ತು ಮುಳುಗುವ ಮೊದಲು ತೊಗಲು ವೀಳ್ಯದೆಲೆಯಷ್ಟು ಮೆದುವಾಗಿತ್ತು.

ಹುಣ್ಣಿಮೆಯ ಹಿಂದಿನ ದಿನ ಅರಮನೆಯ ಅಂಗಳದಲ್ಲಿ ಮೂರನೆಯ ಪರೀಕ್ಷೆ. ಜಂಬುಕಾಕ್ಷ ಮರದ ಹಾವುಗೆ ಟಕಟಕ ಎನ್ನಿಸುತ್ತ ಸುತ್ತ ಓಡಾಡಿದ. ಅವನು ಹುಟ್ಟಿದಾಗಿನಿಂದ ತೊಗಲು ಮೆಟ್ಟಿದವನಲ್ಲ. ಕಾಲು ನೋಡದೆ ಕೊಯ್ದ ಮೆಟ್ಟು ಹಸಿಯುತ್ತದೆ ಎಂಬಷ್ಟು ಮಾತ್ರ ಅವನ ಕಿವಿಗೆ ಬಿದ್ದಿತ್ತು, ಕಾಲನ್ನು ತೊಗಲಿನ ಮೇಲೆ ಊರಿಸುವ ಕಟ್ಟಳೆಯನ್ನು ಅವನು ಕೇಳಿದವನಲ್ಲ, ಆ ಕೇರಿಯವರಿಗೂ ಒಂದು ವಿದ್ಯೆ ಇರಬಹುದೆಂದು ಅವನಿಗೆ ಹೊಳೆದಿದ್ದರೆ ತಾನೆ. ದುರುಗಿ ಯಾವ ಕಾಲನ್ನೂ ನೋಡಬಾರದು, ಅಷ್ಟಾದರೆ ಈ ಮೆಟ್ಟೂ ಒಡೆಯನಿಲ್ಲದೆ ಹಸಿದೇ ಹುಟ್ಟುತ್ತದೆ ಎಂದು ಅವನ ಲೆಕ್ಕ. ತಾನೇ ಕೈಯಾರೆ ಅವಳ ಕಣ್ಣಿಗೆ ಬಟ್ಟೆ ಬಿಗಿದ.

ದುರುಗಿ ತೊಗಲು ಹಾಸಿದಳು. ಯುವರಾಜ ಪಕ್ಕದಲ್ಲೇ ಪೀಠದ ಮೇಲೆ ಕೂತಿದ್ದಾನೆಂದು ಅವನ ಅತ್ತರಿನ ವಾಸನೆಯಿಂದ ತಿಳಿಯಿತು. ಅವಳು ಅತ್ತ ತಿರುಗಿ, ದನಿಯಲ್ಲಿ ಎಷ್ಟು ವಿನಯ ತುಂಬಬಹುದೋ ಅಷ್ಟು ತುಂಬಿದಳು.

"ಬುದ್ಧಿ, ಈ ತೊಗಲನ್ನ ಮುನ್ನೂರು ಜನ ಭಾಗ್ಯಗೆಟ್ಟೋರು ತುಳಿದವ್ರೆ. ಮೈಲಿಗೆ ಆಗೈತೆ. ತಮ್ಮ ಪಾದ ಒಂದ್ಸಲ ಊರಿದ್ರೆ ಶುದ್ಧ ಆಯ್ತದೆ."

ಯುವರಾಜನಿಗೆ ಇದು ಬಹಳ ಸರಿಯಾಗಿ ಕಂಡಿತು. ತನ್ನ ಪಾದದ ಬಗ್ಗೆ ಅವನಿಗಿದ್ದ ಅಭಿಪ್ರಾಯವೂ ಅದೇ ಆಗಿತ್ತು. ಯಾವ ಕಾಲು ಎಂದು ಕೇಳಿದ. ಎಡಗಾಲು, ಬುದ್ಧಿ, ಪೂರ್ತಿ ಭಾರ ಬಿಡಬೇಕು ಎಂದಳು ದುರುಗಿ. ಜಂಬುಕಾಕ್ಷನಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ಅವಳ ಕಣ್ಣು ಕಟ್ಟಿತ್ತಲ್ಲ. ಯುವರಾಜ ಪಾದುಕೆ ಕಳಚಿ, ಎಡಗಾಲನ್ನು ತೊಗಲಿನ ಮೇಲೆ ಊರಿ, ಮೂರು ಉಸಿರಿನಷ್ಟು ಹೊತ್ತು ನಿಂತು, ತೆಗೆದ.

ಮುನ್ನೂರು ಜನ ತುಳಿದ ತೊಗಲು ಅಷ್ಟು ಮೆದುವಾಗಿತ್ತು, ಕಾಲಿನ ಅಚ್ಚು ಇಳಿದು ಬೆಚ್ಚಗೆ ನಿಂತಿತ್ತು. ದುರುಗಿಯ ಬೆರಳು ಅದರ ಸುತ್ತ ಹರಿದವು. ಹಿಂದೆಯೇ ರಂಪಿಗೆ ಹರಿಯಿತು. ಹಿಮ್ಮಡಿ, ಪಕ್ಕ, ಐದು ಬೆರಳು, ಒಂದೂ ಬಿಡದೆ. ಅವಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಸಂಜೆಯೊಳಗೆ ಹೊಲಿದು ಮುಗಿಸಿದಳು.

ಹುಣ್ಣಿಮೆಯ ಬೆಳಿಗ್ಗೆ ಅಂಗಳದಲ್ಲಿ ಜನ ಕಿಕ್ಕಿರಿದರು. ಮುನ್ನೂರು ಹೆಂಗಸರೂ ಬಂದಿದ್ದರು, ಕಾವಲಿನವರು ತಡೆದರೂ ನಿಲ್ಲಲಿಲ್ಲ. ಮಾಳಿ ಮಣೆಯ ಮೇಲೆ ಕೂತಳು. ಅವಳಿಗೆ ಎಲ್ಲ ಗೊತ್ತಿತ್ತು, ಆದರೂ ಮಣೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ದುರುಗಿ ಕಟ್ಟಳೆಯಂತೆ ತಂಗಿಯ ಹಿಮ್ಮಡಿ ಹಿಡಿದುಕೊಂಡಳು. ತಾನು ಎಲ್ಲಾದರೂ ಒಂದು ಗೆರೆ ತಪ್ಪಿದ್ದರೆ, ಈ ಎರಡು ಕಾಲುಗಳನ್ನು ಹಿಡಿದುಕೊಟ್ಟವಳು ತಾನೇ ಆಗುತ್ತೇನೆ ಎಂದು ಅವಳಿಗೆ ಅನ್ನಿಸಿತು. ವಾಲಗ ಶುರುವಾಯಿತು. ಜಂಬುಕಾಕ್ಷ ಎರಡು ಮೆಟ್ಟುಗಳನ್ನೂ ತಂದು ಮಾಳಿಯ ಮುಂದೆ, ಒಂದರ ಪಕ್ಕ ಒಂದು, ಇಟ್ಟ.

ಆ ಗಳಿಗೆಯಲ್ಲೇ ಕೆಮ್ಮಣ್ಣುಗುಡ್ಡದ ಮೇಲೆ ಕೋಣ ಮಂಡಿಯೂರಿ, ಪಕ್ಕಕ್ಕೆ ಒರಗಿ, ಕಣ್ಣು ಮುಚ್ಚಿತು.

ಅಂಗಳದಲ್ಲಿ ಮೆಟ್ಟುಗಳು ಅಲುಗಾಡಿದವು. ಮಾಳಿಯ ಕಾಲಿನ ಬಳಿ ಬಂದು, ಮೂಸಿ, ಹಿಂದೆ ಸರಿದವು. ಮೊನೆಗಳನ್ನು ಸರಕ್ಕನೆ ಪೀಠದ ಕಡೆ ತಿರುಗಿಸಿದವು. ವಾಲಗದವರು ಊದುವುದನ್ನು ಮರೆತರು. ಮೆಟ್ಟುಗಳು ಎಡ, ಬಲ, ಎಡ, ಬಲ ಎಂದು ನಡೆದು, ಯುವರಾಜನ ಪಾದುಕೆಗಳನ್ನು ಪಕ್ಕಕ್ಕೆ ತಳ್ಳಿ, ಅವನ ಕಾಲಿಗೆ ಏರಿದವು. ಎಡಗಾಲಿನದು ಬೆಣ್ಣೆಯಂತೆ ಸರಿಹೊಂದಿತು. ಬಲಗಾಲಿನದು ಯಾವ ಕಾಲಿಗೂ ಸರಿಹೊಂದುವಂಥದ್ದಲ್ಲ, ಆದರೂ ಏರಿತು.

ಹವಳಾವತಿಯ ಯುವರಾಜ ಆ ಅಂಗಳದಲ್ಲಿ ಚೀರಿದ್ದು ಅದೇ ಮೊದಲು. ಜಂಬುಕಾಕ್ಷ ಓಡಿ ಬಂದು ಎರಡು ಕೈಗಳಿಂದಲೂ ಬಲಗಾಲಿನ ಮೆಟ್ಟನ್ನು ಕೀಳಲು ಹೋದ. ಹಲ್ಲು ಕೊಟ್ಟವನು ತಾನೇ, ತನ್ನನ್ನು ಕಚ್ಚುವುದಿಲ್ಲ ಎಂದುಕೊಂಡ. ಅದು ಅವನ ಕೈಗಳನ್ನು ಮಣಿಕಟ್ಟಿನವರೆಗೆ ತಿಂದಿತು. ಬೆರಳಿಲ್ಲದ ಮಾಂತ್ರಿಕನ ಬಾಯಿಂದ ಮಂತ್ರ ಬರಲಿಲ್ಲ, ಬರೀ ಊಳು ಬಂತು. ನೋಡನೋಡುತ್ತಿದ್ದಂತೆ ಅವನು ನರಿಯಾಗಿ ಕೋಟೆಗೋಡೆಯ ಕಿಂಡಿಯಲ್ಲಿ ನುಸುಳಿ ಹೋದ. ಮುಂಗಾಲಿಲ್ಲದ ನರಿ ಎಷ್ಟು ದೂರ ಹೋದೀತು, ಊರ ನಾಯಿಗಳಿಗೆ ಆ ದಿನ ಹೆಚ್ಚು ಓಡಬೇಕಾಗಲಿಲ್ಲ.

ಮೆಟ್ಟುಗಳು ಯುವರಾಜನನ್ನು ನಡೆಸಿಕೊಂಡು ಹೊರಟವು. ಬಿಡಿಸಿ ಎಂದು ಅವನು ಎಲ್ಲರ ಮುಖ ನೋಡಿದ. ಹಿಮ್ಮಡಿ ಹಿಡಿದು ಅಭ್ಯಾಸವಿದ್ದ ಆ ಊರಿನಲ್ಲಿ ಅವನ ಕಾಲು ಹಿಡಿಯಲು ಯಾರೂ ಬರಲಿಲ್ಲ. ಅರಮನೆ ಬೀದಿ, ಶೆಟ್ಟರ ಬೀದಿ, ಕುಂಬಾರರ ಬೀದಿ, ಒಂದೊಂದು ಮನೆಯ ಮುಂದೆಯೂ ಮೆಟ್ಟುಗಳು ನಿಂತು ನಿಂತು ಮುಂದೆ ಹೋದವು. ಒಂದೊಂದು ಬೀದಿ ಮುಗಿಯುವಷ್ಟರಲ್ಲಿ ಅವನು ಅಷ್ಟಷ್ಟು ಗಿಡ್ಡನಾಗುತ್ತಿದ್ದ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಮೆಟ್ಟುಗಳು ಮಾತ್ರ ನಡೆಯುತ್ತಿದ್ದವು. ಊರ ಬಾಗಿಲಲ್ಲಿ ಅವು ನಿಂತವು. ಹಸಿವು ತೀರಿತ್ತು. ದುರುಗಿ ಹೋಗಿ ಎರಡರ ಹೊಲಿಗೆಯನ್ನೂ ಬಿಚ್ಚಿ, ಗುಡ್ಡಕ್ಕೆ ಹೊತ್ತುಕೊಂಡು ಹೋಗಿ, ಕೋಣದ ಎರಡು ಮಗ್ಗುಲ ಮೇಲೂ ಇಟ್ಟು, ಮಣ್ಣು ಮಾಡಿ ಬಂದಳು.

ಅವಳು ಇಳಿದು ಬರುವಾಗ ಊರಿನವರು ಹಾರ ಹಿಡಿದು ಕಾಯುತ್ತಿದ್ದರು. ನಮ್ಮ ಕಣ್ಣು ತೆರೆಸಿದೆ ತಾಯಿ, ರಾಜ್ಯ ನಿನ್ನದೇ ಎಂದರು. ಮಾಂತ್ರಿಕನ ಮಾಯೆಯಲ್ಲಿದ್ದೆವು, ಏನೂ ತಿಳಿಯಲಿಲ್ಲ ಎಂದರು. ದುರುಗಿ ಹಾರವನ್ನು ಮುಟ್ಟಲಿಲ್ಲ.

"ಮಾಯೆ ಇದ್ದಿದ್ದು ಮೆಟ್ಟಿಗೆ," ಎಂದಳು. "ನಿಮ್ ಕೈಗೆ ಯಾವ ಮಾಯೆನೂ ಇರ್ಲಿಲ್ಲ. ಹಿಮ್ಮಡಿ ಹಿಡ್ಕಂಡಿದ್ದ ಕೈ ಅದು."

ರಾಜ್ಯದ ಮಾತನ್ನು ಆ ಹೆಂಗಸರ ಹತ್ತಿರ ಕೇಳಿ ಎಂದು ಹೇಳಿ ಕೇರಿಗೆ ನಡೆದಳು. ಕೇಳದೆ ಬೇರೆ ದಾರಿಯಿರಲಿಲ್ಲ. ಅಂದಿನಿಂದ ಹವಳಾವತಿಯನ್ನು ಅವರೇ ಕೂಡಿ ಆಳಿದರು. ಹಿತ್ತಲ ಕೋಣೆಗಳ ಬಾಗಿಲನ್ನೆಲ್ಲ ಕೀಳಿಸಿ ಸೌದೆ ಮಾಡಿಸಿದರು. ಹೆಣ್ಣುಮಕ್ಕಳು ಹೆದರಿಕೆಯಿಲ್ಲದೆ ಬೆಳೆದರು, ಮಳೆ ಬೆಳೆ ಚೆನ್ನಾಗಿ ಆಯಿತು, ಎಲ್ಲರೂ ನೆಮ್ಮದಿಯಾಗಿದ್ದರು. ಮಾಯಾಲೋಕದ ಕತೆಯಾದ್ದರಿಂದ ಇಷ್ಟನ್ನು ನಾನು ಹೇಳಲೇಬೇಕು, ಅದು ನಿಜವೂ ಹೌದು. ಹೋದ ಬೆರಳು ಮಾತ್ರ ಒಂದೂ ವಾಪಸು ಬರಲಿಲ್ಲ. ಅಂಥ ಮಂತ್ರ ನನಗೆ ಗೊತ್ತಿಲ್ಲ, ಗೊತ್ತೆಂದು ಹೇಳುವವರನ್ನು ನಂಬಬೇಡಿ.

ಭರಮಯ್ಯ ಮಗಳ ಮುಂದೆ ಎರಡು ಕೈ ಚಾಚಿ, ಇವನ್ನು ಕಡಿದುಬಿಡು ಎಂದ. ದುರುಗಿ ಒಪ್ಪಲಿಲ್ಲ. ಮುನ್ನೂರು ಜನ ಏಳು ವರ್ಷದಿಂದ ಬರಿಗಾಲಲ್ಲಿದ್ದಾರೆ, ಅವರ ಕಾಲಿಗಾಗುವ ಮೆಟ್ಟು ಎಲ್ಲೂ ಸಿಗುವುದಿಲ್ಲ, ಕಡಿಸಿಕೊಂಡು ಸುಖವಾಗಿ ಕೂರಬೇಕೆಂದಿದ್ದೀಯಾ ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಮನೆಯ ಮುಂದೆ ತೊಗಲು ಹಾಸಿ ಅವನನ್ನು ಕೂರಿಸಿದಳು.

ಹೆಂಗಸರು ಸಾಲಾಗಿ ಬಂದರು. ಮೊದಲು ಬಂದವಳು ಕೆಂಚವ್ವ. ತೊಗಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಳು. ಭರಮಯ್ಯ ತಲೆ ತಗ್ಗಿಸಿ ಅವಸರವಾಗಿ ಗೆರೆ ಎಳೆದು, ಆಯ್ತವ್ವ, ಇಳಿ ಎಂದ. ಅವಳು ಇಳಿಯಲಿಲ್ಲ.

"ನೋಡಿಲ್ಲ ನೀನು," ಎಂದಳು. "ಸರಿಯಾಗಿ ನೋಡು."

ಭರಮಯ್ಯ ಇದ್ದಿಲನ್ನು ಕೆಳಗಿಟ್ಟು ನೋಡಿದ. ಹೆಬ್ಬೆರಳಿದ್ದ ಜಾಗ, ಅದರ ಸುತ್ತ ಮುರುಟಿದ ಚರ್ಮ, ಅದಿಲ್ಲದೆ ಪಕ್ಕಕ್ಕೆ ವಾಲಿದ ಉಳಿದ ನಾಲ್ಕು ಬೆರಳು. ಬಿಸಿಲು ಏರಿತು. ಕೆಂಚವ್ವ ನಿಂತೇ ಇದ್ದಳು. ಹಿಂದೆ ಸಾಲಿನಲ್ಲಿ ಮುನ್ನೂರು ಜನ ಕಾಯುತ್ತಿದ್ದರು, ಬೇಗ ಮಾಡು ಎಂದು ಒಬ್ಬರೂ ಹೇಳಲಿಲ್ಲ.